ಹೊಸ ಎತ್ತಿಗೆ ಬೇರೆ ಗೂಟ

ಮನಗೂಳಿಯಿಂದ ಕಾಕಾನ ಮಗನ ಫೋನ್. ಅಲ್ಲಿ ಅವನದೊಂದು ಸಣ್ಣ ಝೆರಾಕ್ಸ್ ಅಂಗಡಿ. ಹಳೆಯ ನುಡಿ ಫಾಂಟಿನ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸುವ ಸಾಫ್ಟ್‌ವೇರ್ ಅಂತ ಯಾರೋ ವಾಟ್ಸಾಪ್‌ನಲ್ಲಿ ಏನೋ ಕಳಿಸಿದ್ದರಂತೆ.

"ಅಕ್ಕಾ, ಹಾಕೂದಕ್ಕ ಮೊದಲ ಆಂಟಿವೈರಸ್ ಬಂದ್ ಮಾಡ್ರಿ ಅಂತ ಬರದಾರ. ಮಾಡ್ಲೇನು?"

ಎದೆ ಧಸಕ್ಕೆಂದಿತು. ಆ ಕಂಪ್ಯೂಟರಿನಲ್ಲಿ ಊರವರ ಆಧಾರ್, ಪಹಣಿ, ಪಾಸ್‌ಬುಕ್ ಸ್ಕ್ಯಾನ್‌ಗಳಿವೆ. ಹೋದರೆ ಅವನದಷ್ಟೇ ಹೋಗುವುದಿಲ್ಲ.

"ಸಂತ್ಯಾಗಿಂದ ಹೊಸ ಎತ್ತು ತಂದ್ರ ಕಾಕಾ ಎಲ್ಲಿ ಕಟ್ತಾನ?"

"ಬ್ಯಾರೆ ಗೂಟಕ್ಕ. ರೋಗ ಗೀಗ ಇದ್ರ?"

"ಕಂಪ್ಯೂಟರ್‌ನ್ಯಾಗೂ ಅಂಥಾ ಗೂಟ ಐತಿ."

ಅದೇ ವರ್ಚುವಲ್ ಮಷೀನ್. ನಮ್ಮ ಕಂಪ್ಯೂಟರಿನೊಳಗೇ ಓಡುವ ಇನ್ನೊಂದು ಕಂಪ್ಯೂಟರ್. ಅದಕ್ಕೆ ತನ್ನದೇ ವಿಂಡೋಸ್, ತನ್ನದೇ ಡಿಸ್ಕ್. ಆ ಡಿಸ್ಕ್ ನಮಗೆ ಬರೀ ಒಂದು ಫೈಲ್. ವಿಂಡೋಸ್ 10, 11ರ ಪ್ರೊ ಆವೃತ್ತಿಯಲ್ಲಿ 'ವಿಂಡೋಸ್ ಸ್ಯಾಂಡ್‌ಬಾಕ್ಸ್' ಸಿಗುತ್ತದೆ. 2019ರಲ್ಲಿ ಬಂದದ್ದು, ಮುಚ್ಚಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇವನದು ಹೋಮ್ ಆವೃತ್ತಿ, ಅದರಲ್ಲಿ ಅದಿಲ್ಲ. ಹಾಗಾಗಿ ಉಚಿತವಾದ ವರ್ಚುವಲ್‌ಬಾಕ್ಸ್ ಹಾಕಿಸಿದೆ. 8 ಜಿಬಿ ಮೆಮೊರಿಯಲ್ಲಿ 4 ಜಿಬಿ ಅದಕ್ಕೆ ಕೊಟ್ಟೆವು.

ಫೈಲ್ ಒಳಗೆ ಹೋದ ಮೇಲೆ ಮೂರು ಕೆಲಸ ಹೇಳಿದೆ. ನೆಟ್‌ವರ್ಕ್ ಬಂದ್ ಮಾಡು. ಶೇರ್ಡ್ ಫೋಲ್ಡರ್, ಕ್ಲಿಪ್‌ಬೋರ್ಡ್ ಬಂದ್ ಮಾಡು. ಓಡಿಸುವ ಮುನ್ನ ಒಂದು ಸ್ನ್ಯಾಪ್‌ಶಾಟ್ ತೆಗೆ. ಏನೇ ಕೆಟ್ಟರೂ ಆ ಕ್ಷಣಕ್ಕೆ ವಾಪಸ್ ಬರಬಹುದು.

ಸಂಜೆ ಮತ್ತೆ ಫೋನ್. "ಏನೂ ಆಗಿಲ್ಲಕ್ಕಾ. ಈಗ ಅಸಲಿ ಕಂಪ್ಯೂಟರಿಗೇ ಹಾಕ್ಲೇನು?"

"ಬ್ಯಾಡ."

ಬಹಳ ಮಂದಿ ಎಡವುವುದು ಇಲ್ಲೇ. ಎತ್ತಿಗೆ ರೋಗ ಬಚ್ಚಿಡಲು ಬರುವುದಿಲ್ಲ, ಸಾಫ್ಟ್‌ವೇರ್‌ಗೆ ಬರುತ್ತದೆ. ತಾನಿರುವುದು ವರ್ಚುವಲ್ ಮಷೀನ್‌ನಲ್ಲಿ ಎಂದು ಪತ್ತೆಹಚ್ಚಿ ಸುಮ್ಮನಿರುವ ಮಾಲ್‌ವೇರ್‌ಗಳಿವೆ. ಗೋಡೆಯೂ ಪೂರ್ತಿ ಗಟ್ಟಿಯಲ್ಲ. 2015ರಲ್ಲಿ ಪತ್ತೆಯಾದ 'ವೆನಮ್' ದೋಷ ಇದ್ದದ್ದು ಯಾರೂ ಬಳಸದ ವರ್ಚುವಲ್ ಫ್ಲಾಪಿ ಡ್ರೈವ್‌ನಲ್ಲಿ. ಅಲ್ಲಿಂದ ಹೊರಗಿನ ಯಂತ್ರಕ್ಕೇ ದಾರಿಯಿತ್ತು. ಅದಕ್ಕೇ ವರ್ಚುವಲ್‌ಬಾಕ್ಸನ್ನೂ ಅಪ್‌ಡೇಟ್ ಮಾಡುತ್ತಿರಬೇಕು. ಈ ಗೂಟ ಹಾನಿಯನ್ನು ಕಟ್ಟಿಹಾಕುತ್ತದೆ, ಸಾಫ್ಟ್‌ವೇರ್ ಒಳ್ಳೆಯದೆಂದು ಸರ್ಟಿಫಿಕೇಟ್ ಕೊಡುವುದಿಲ್ಲ.

ಫೋನಿಗೆ ಬರುವ 'ಮದುವೆ ಆಮಂತ್ರಣ'ದ ಎಪಿಕೆ ಫೈಲಿಗಂತೂ ಇಷ್ಟೂ ಬೇಡ, ಮುಟ್ಟದೆ ಅಳಿಸಿಬಿಡಿ.

ಅವನು ಸ್ನ್ಯಾಪ್‌ಶಾಟ್‌ಗೆ ಮರಳಿ ಆ ಸಾಫ್ಟ್‌ವೇರನ್ನು ಬಿಟ್ಟುಕೊಟ್ಟ. ಸೋರ್ಸ್ ಕೋಡ್ ಬಹಿರಂಗವಾಗಿರುವ ಇನ್ನೊಂದು ಪರಿವರ್ತಕ ಹುಡುಕಿದೆವು.

"ಇದನ್ನರ ನೇರ ಹಾಕ್ಲೇನಕ್ಕಾ?" ಎಂದ. ನಾನು ಉತ್ತರಿಸುವ ಮೊದಲೇ ತಾನೇ ಹೇಳಿದ: "ಇರ್ಲಿ ಬಿಡು, ಮೊದಲ ಗೂಟಕ್ಕ ಕಟ್ತೀನಿ. ಊರ ಮಂದಿ ಕಾಗದ ಅದಾವು."