ಕಪ್ಪು ಗಾಜಿನ ಲೆಕ್ಕ

ಬೇಸಿಗೆ ಬಂತೆಂದರೆ ನಮ್ಮ ಬೀದಿಯ ಕಾರುಗಳು ಒಂದೊಂದಾಗಿ ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಲು ಶುರುಮಾಡುತ್ತವೆ. ಈ ವರ್ಷ ಆ ಆಸೆ ನಮ್ಮ ಮನೆಗೂ ಬಂತು. “ಅಪ್ಪ, ಹಿಂದಿನ ಸೀಟಿನಲ್ಲಿ ಅಮ್ಮ ಬೆಂದುಹೋಗ್ತಾರೆ. ಸನ್ ಫಿಲ್ಮ್ ಹಾಕಿಸಿಬಿಡೋಣ. ಅಂಗಡಿಯವರ ಹತ್ತಿರ ಐವತ್ತು ಪರ್ಸೆಂಟಿನದು ಇದೆಯಂತೆ. ಕಾನೂನು ಕೇಳೋದೂ ಐವತ್ತೇ ಅಂತೆ” ಎಂದ ಮಗ. ಐವತ್ತಕ್ಕೆ ಐವತ್ತು ಸರಿಹೋಯಿತಲ್ಲ ಎಂದು ಮೊಮ್ಮಗಳು ತಲೆಯಾಡಿಸಿದಳು. ಏಳನೇ ತರಗತಿಯಲ್ಲಿ ಶೇಕಡಾ ಲೆಕ್ಕ ಮಾಡುತ್ತಿರುವವಳು ಅಷ್ಟು ಸುಲಭವಾಗಿ ತಲೆಯಾಡಿಸಬಾರದಿತ್ತು! ಮೂವತ್ತು ವರ್ಷ ಬೋರ್ಡಿನ ಮುಂದೆ ನಿಂತ ಗಣಿತದ ಮೇಷ್ಟ್ರು ನಾನು, ಬಿಡುತ್ತೇನೆಯೇ? ಮಕ್ಕಳೇ, ಈ ವಾರ ಆ ಲೆಕ್ಕವನ್ನೇ ಬಿಡಿಸೋಣ.

ಮೊದಲು ಈ ಪರ್ಸೆಂಟ್ ಅಂದರೇನು? ಹೊರಗಿನ ಬೆಳಕಿನಲ್ಲಿ ನೂರಕ್ಕೆ ಎಷ್ಟು ಪಾಲು ಗಾಜನ್ನು ದಾಟಿ ಒಳಗೆ ಬರುತ್ತದೆ ಎಂಬ ಅಳತೆ. ಅಂದರೆ ಸಂಖ್ಯೆ ಚಿಕ್ಕದಾದಷ್ಟೂ ಕಪ್ಪು ಹೆಚ್ಚು. ಇಪ್ಪತ್ತರ ಫಿಲ್ಮ್ ಐವತ್ತರದ್ದಕ್ಕಿಂತ ಕಪ್ಪು. ಕಾರಿನ ಕಿಟಕಿಯ ಗಾಜೂ ಪೂರ್ತಿ ತಿಳಿಯಾಗಿರುವುದಿಲ್ಲ. ಬಿಳಿ ಕಾಗದವನ್ನು ಅದರ ಹಿಂದೆ ಹಿಡಿದು ನೋಡಿ, ನಸು ಹಸಿರು ಕಾಣುತ್ತದೆ. ಆ ಗಾಜು ನೂರಕ್ಕೆ 70 ಪಾಲು ಬೆಳಕು ಬಿಡುತ್ತದೆ ಎಂದಿಟ್ಟುಕೊಳ್ಳಿ. ಅದರ ಮೇಲೆ 50ರ ಫಿಲ್ಮ್ ಅಂಟಿಸಿದರೆ ಒಳಗೆ ಬರುವುದು ಎಷ್ಟು? 50 ಅಲ್ಲ. ಗಾಜು ದಾಟಿದ 70ರಲ್ಲಿ ಅರ್ಧ, ಅಂದರೆ 35. ಕೂಡುವುದಲ್ಲ, ಕಳೆಯುವುದಲ್ಲ, ಗುಣಿಸುವುದು. ಅಂಗಡಿಯ ಲೆಕ್ಕ ಎಡವುವುದು ಇಲ್ಲೇ.

ಲೆಕ್ಕ ಇಲ್ಲಿಗೆ ಮುಗಿಯಲಿಲ್ಲ. ಸಂಜೆ ಸಂಗೀತದ ಕ್ಲಾಸಿಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿ ಬರುವ ಡ್ರೈವರ್ ಈ ತಾತ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಕತ್ತಲಲ್ಲಿ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ. ಅರವತ್ತು ವರ್ಷದವರ ರೆಟಿನಾಕ್ಕೆ ತಲುಪುವ ಬೆಳಕು ಇಪ್ಪತ್ತು ವರ್ಷದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಆ 35ನ್ನು ಮೂರರಿಂದ ಭಾಗಿಸಿ. ಹನ್ನೆರಡೂ ಬರುವುದಿಲ್ಲ! ನೂರು ಪಾಲು ಬೆಳಕಿನಲ್ಲಿ ಹನ್ನೆರಡು ಪಾಲನ್ನು ನಂಬಿಕೊಂಡು ನಾನು ಗೇಟಿನಿಂದ ಕಾರನ್ನು ಹಿಂದಕ್ಕೆ ತೆಗೆಯಬೇಕು. ಬೀದಿಯಲ್ಲಿ ಲಗೋರಿ ಆಡುವ ಮಕ್ಕಳು ಇರುವುದೂ ಅದೇ ಹೊತ್ತಿಗೆ.

“ಪಕ್ಕದ ಕಿಟಕಿಗೆ ತಾನೆ ಹಾಕಿಸೋದು, ಮುಂದಿನ ಗಾಜಿಗಲ್ಲವಲ್ಲ ತಾತ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಕಾರಿನ ಹೊರಗಿರುವ ಎರಡು ಕನ್ನಡಿಗಳನ್ನು ಡ್ರೈವರ್ ನೋಡುವುದು ಪಕ್ಕದ ಗಾಜಿನ ಮೂಲಕವೇ. ತಿರುವಿನಲ್ಲಿ ಸೈಕಲ್ಲಿನವನು ಕಾಣುವುದೂ ಅಲ್ಲಿಂದಲೇ. ನಂಬಿಕೆ ಬರದಿದ್ದರೆ, ಹಿರಿಯರೇ, ಒಂದು ಪ್ರಯೋಗ ಮಾಡಿ. ದೀಪ ಹಚ್ಚುವ ಹೊತ್ತಿಗೆ ಜಗುಲಿಯ ಮೇಲೆ ಕುಳಿತು ಕೂಲಿಂಗ್ ಗ್ಲಾಸ್ ಹಾಕಿಕೊಳ್ಳಿ. ಕಡುನೀಲಿ ಸ್ವೆಟರ್ ತೊಟ್ಟ ಮೊಮ್ಮಗನನ್ನು ಕಾಂಪೌಂಡಿನ ಮೂಲೆಯಲ್ಲಿ ನಿಲ್ಲಿಸಿ. ಕನ್ನಡಕ ತೆಗೆದು ನೋಡಿ, ಹಾಕಿ ನೋಡಿ. ಎದ್ದು ಓಡಾಡಬೇಡಿ ಮಾತ್ರ, ಮೆಟ್ಟಿಲು ಕಾಣುವುದಿಲ್ಲ.

ಕಪ್ಪು ಗಾಜಿನ ಕಾರಿನೊಳಗಿದ್ದವರಿಗೆ ನಾವು ಕಾಣುತ್ತೇವೆ, ನಮಗೇಕೆ ಅವರು ಕಾಣುವುದಿಲ್ಲ? ಗಾಜೇನೂ ಪಕ್ಷಪಾತ ಮಾಡುವುದಿಲ್ಲ, ಎರಡು ಕಡೆಗೂ ಒಂದೇ ಅಳತೆಯಲ್ಲಿ ಬೆಳಕು ಬಿಡುತ್ತದೆ. ಹಗಲಿನಲ್ಲಿ ಹೊರಗೆ ಬೆಳಕು ಬಹಳ, ಒಳಗೆ ಕಡಿಮೆ. ಗಾಜಿನಿಂದ ಚಿಮ್ಮಿ ಬರುವ ಹೊರಗಿನ ಬೆಳಕಿನ ಮುಂದೆ ಒಳಗಿನಿಂದ ಬರುವ ಮಂಕು ಬೆಳಕು ಸೋತುಹೋಗುತ್ತದೆ. ರಾತ್ರಿ ಒಳಗೆ ದೀಪ ಹಾಕಿದರೆ ಆಟ ತಿರುಗುಮುರುಗು. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಿಮ್ಮ ಮುಖವೇ ನಿಮಗೆ ಕಂಡಿರುತ್ತದಲ್ಲ, ಅದೂ ಇದೇ.

ಇನ್ನು ಅಜ್ಜಿಯ ಬಿಸಿಲಿನ ಮಾತು. ಅವರು ಬೇಯುವುದು ಸುಳ್ಳಲ್ಲ. ಆದರೆ ಕಪ್ಪು ಎಂದರೆ ತಂಪು ಎಂದು ತಿಳಿದಿರುವವರೇ ಹೆಚ್ಚು. ಬಿಸಿಲು ಹೊತ್ತುತರುವ ಶಕ್ತಿಯಲ್ಲಿ ಸುಮಾರು ಅರ್ಧ ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದ್ದು. ಬರೀ ಬಣ್ಣ ಬಳಿದ ಅಗ್ಗದ ಫಿಲ್ಮ್ ಬೆಳಕನ್ನು ನುಂಗಿ ತಾನೇ ಕಾಯುತ್ತದೆ. ಗಾಜೂ ಕಾದು, ಆ ಬಿಸಿಯಲ್ಲಿ ಒಂದಷ್ಟು ಒಳಗೇ ಬರುತ್ತದೆ. ಹೆಚ್ಚು ಕಪ್ಪಿಲ್ಲದೆ ಅವಕೆಂಪನ್ನೇ ತಡೆಯುವ ಫಿಲ್ಮುಗಳೂ ಇವೆ, ಬೆಲೆ ಜಾಸ್ತಿ. ನೇರಳಾತೀತ ಕಿರಣವನ್ನಂತೂ ಕಾರಿನ ಮುಂದಿನ ಗಾಜು ಯಾವ ಫಿಲ್ಮೂ ಇಲ್ಲದೆ ಬಹುಪಾಲು ತಡೆಯುತ್ತದೆ. ಏಕೆಂದರೆ ಅದು ಹೋಳಿಗೆ ಇದ್ದ ಹಾಗೆ: ಎರಡು ಗಾಜಿನ ಕಣಕ, ನಡುವೆ ಪ್ಲಾಸ್ಟಿಕ್ ಹಾಳೆಯ ಹೂರಣ. ಈ ಹೋಳಿಗೆಗೆ ಒಂದು ಕಥೆಯೂ ಇದೆ. 1903ರಲ್ಲಿ ಫ್ರಾನ್ಸಿನ ಎಡ್ವಾರ್ ಬೆನೆಡಿಕ್ಟಸ್ ಎಂಬ ರಸಾಯನ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ಕೆಳಕ್ಕೆ ಬಿತ್ತಂತೆ. ಬಿರುಕು ಬಿಟ್ಟಿತು, ಆದರೆ ಚೂರಾಗಿ ಚೆಲ್ಲಲಿಲ್ಲ. ಒಳಗೆ ಒಣಗಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆ ಚೂರುಗಳನ್ನು ಹಿಡಿದಿಟ್ಟುಕೊಂಡಿತ್ತು. 1909ರಲ್ಲಿ ಅವನು ಪೇಟೆಂಟ್ ಪಡೆದ.

ಕಾನೂನಿನ ವಿಷಯ ಸ್ವಲ್ಪ ಗಂಟು ಗಂಟು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ನೂರನೇ ನಿಯಮ ಹೇಳುವಂತೆ ಮುಂದಿನ ಮತ್ತು ಹಿಂದಿನ ಗಾಜು ಕನಿಷ್ಠ 70, ಪಕ್ಕದವು ಕನಿಷ್ಠ 50 ಪಾಲು ಬೆಳಕು ಬಿಡಬೇಕು. 2012ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಾರ್ಖಾನೆಯಲ್ಲಿ ಗಾಜನ್ನೇ ಆ ಮಿತಿಯೊಳಗೆ ನಸು ಬಣ್ಣದಲ್ಲಿ ತಯಾರಿಸಬಹುದು, ಆದರೆ ಆಮೇಲೆ ಯಾವ ಪರ್ಸೆಂಟಿನ ಕಪ್ಪು ಫಿಲ್ಮನ್ನೂ ಅಂಟಿಸುವಂತಿಲ್ಲ ಎಂದಿತು. ಕಪ್ಪು ಗಾಜಿನ ಮರೆಯಲ್ಲಿ ನಡೆಯುವ ಅಪರಾಧಗಳೂ ಆ ಮೊಕದ್ದಮೆಯ ಹಿಂದಿದ್ದವು. ಆ ಬೇಸಿಗೆಯಲ್ಲಿ ಟ್ರಾಫಿಕ್ ಪೊಲೀಸರು ರಸ್ತೆಬದಿಯಲ್ಲಿ ಕಾರು ನಿಲ್ಲಿಸಿ ಫಿಲ್ಮ್ ಕಿತ್ತಿದ್ದು ದೊಡ್ಡವರಿಗೆ ನೆನಪಿರಬಹುದು. ಆಮೇಲೆ ನಿಯಮಕ್ಕೆ ತಿದ್ದುಪಡಿ ಬಂತು. ಅದನ್ನು ಆಧರಿಸಿ 2024ರಲ್ಲಿ ಕೇರಳ ಹೈಕೋರ್ಟ್, 70 ಮತ್ತು 50ರ ಮಿತಿ ಕೆಡದಂತೆ ಫಿಲ್ಮ್ ಅಂಟಿಸಿದವರಿಗೆ ದಂಡ ಹಾಕಬಾರದು ಎಂದಿತು. ಹಾಗಾಗಿ ಹಣ ಕೊಡುವ ಮುಂಚೆ ನಿಮ್ಮ ಊರಿನ ಆರ್‌ಟಿಒ ಕಚೇರಿಯಲ್ಲಿ ಕೇಳುವುದು ವಾಸಿ. ಮಿತಿ ಅನ್ವಯಿಸುವುದು ಫಿಲ್ಮಿಗೆ ಮಾತ್ರವಲ್ಲ, ಗಾಜು ಮತ್ತು ಫಿಲ್ಮ್ ಎರಡೂ ಸೇರಿದ ಗುಣಲಬ್ಧಕ್ಕೆ ಎಂಬುದು ನೆನಪಿರಲಿ. ಮಗನಿಗೆ ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಸದ್ಯಕ್ಕೆ ನಿಲ್ಲಿಸಿದಾಗ ಮುಂದಿನ ಗಾಜಿಗೆ ಒಳಗಿನಿಂದ ಇಡುವ ಬೆಳ್ಳಿಬಣ್ಣದ ಮಡಚುವ ತಟ್ಟಿ ಬಂದಿದೆ. ಕಾರಿಗೆ ಹೊಂಗೆ ಮರದ ನೆರಳೂ ಸಿಕ್ಕಿದೆ. ಹೊರಡುವ ಮುಂಚೆ ನಾಲ್ಕೂ ಬಾಗಿಲು ಒಂದು ನಿಮಿಷ ತೆರೆದಿಟ್ಟರೆ ಒಳಗಿನ ಕಾವು ಎಷ್ಟೋ ಇಳಿಯುತ್ತದೆ.

ನನಗೆ ಕಪ್ಪು ಗಾಜನ್ನು ಕಂಡರೆ ಆಗದಿರುವುದಕ್ಕೆ ದಂಡಕ್ಕಿಂತ ದೊಡ್ಡ ಕಾರಣವೊಂದಿದೆ. ಕಣ್ಣಾಮುಚ್ಚಾಲೆ ಆಡುತ್ತಾ ಮಕ್ಕಳು ನಿಂತ ಕಾರಿನೊಳಗೆ ಸೇರಿಕೊಂಡು ಸಿಕ್ಕಿಬೀಳುವುದುಂಟು. ಹೊರಗೆ 35 ಡಿಗ್ರಿ ಇದ್ದರೆ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಅರ್ಧ ಗಂಟೆಯಲ್ಲಿ 50 ದಾಟಬಹುದು. ಕಿಟಕಿಯನ್ನು ಒಂದು ಬೆರಳಷ್ಟು ಇಳಿಸಿದ್ದರೂ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ. ಗಾಜು ತಿಳಿಯಾಗಿದ್ದರೆ ದಾರಿಹೋಕರೊಬ್ಬರಿಗಾದರೂ ಮಗು ಕಾಣುತ್ತದೆ. ಕಪ್ಪಾಗಿದ್ದರೆ ಹತ್ತು ಜನ ಪಕ್ಕದಲ್ಲೇ ನಡೆದುಹೋದರೂ ಗೊತ್ತಾಗುವುದಿಲ್ಲ.

ಅದಕ್ಕೇ ಅಜ್ಜ ಅಜ್ಜಿಯರೇ, ಮನೆಯ ಮುಂದೆ ನಿಲ್ಲಿಸಿದ ಕಾರಿಗೂ ಬೀಗ ಹಾಕಿ, ಕೀಲಿಯನ್ನು ಮಕ್ಕಳ ಕೈಗೆ ಎಟುಕದ ಮೊಳೆಗೆ ತೂಗುಹಾಕಿ. ಮಕ್ಕಳೇ, ಚೈಲ್ಡ್ ಲಾಕ್ ಇರುವುದು ಹಿಂದಿನ ಬಾಗಿಲುಗಳಿಗೆ ಮಾತ್ರ. ಎಂದಾದರೂ ಒಳಗೆ ಸಿಕ್ಕಿಕೊಂಡರೆ ಸೀಟು ಹತ್ತಿ ಮುಂದಕ್ಕೆ ಬನ್ನಿ, ಮುಂದಿನ ಬಾಗಿಲಿನ ಒಳಹಿಡಿಯನ್ನು ಎಳೆಯಿರಿ. ಒಮ್ಮೆಗೆ ತೆರೆಯದಿದ್ದರೆ ಎರಡು ಸಲ ಎಳೆಯಿರಿ. ಆಗಲೂ ಆಗದಿದ್ದರೆ ಹಾರ್ನ್ ಒತ್ತಿ, ಯಾರಾದರೂ ಬರುವವರೆಗೂ ಬಿಡಬೇಡಿ. ಕೀಲಿ ತೆಗೆದ ಮೇಲೂ ನಿಮ್ಮ ಕಾರಿನ ಹಾರ್ನ್ ಕೂಗುತ್ತದೆಯೇ ಎಂದು ಈ ಭಾನುವಾರ ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರೀಕ್ಷೆ ಮಾಡಿ. ಒಂದೇ ಸಲ ಸಾಕು, ಅಕ್ಕಪಕ್ಕದ ಮನೆಯವರು ಮಧ್ಯಾಹ್ನ ಮಲಗಿರುತ್ತಾರೆ.