ಆನ್‌ಲೈನ್ ಅಂಗಡಿಯ ತಕ್ಕಡಿ

ಮನೆಯಲ್ಲೇ ಬುರ್ಖಾ ಹೊಲಿದು, ಉಪ್ಪಿನಕಾಯಿ ಹಾಕಿ ಮಾರುವ ಸಹೋದರಿಯರು ಆನ್‌ಲೈನ್ ಅಂಗಡಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಕೇಳುತ್ತಾರೆ. ಶಾಪಿಫೈಗೆ ತಿಂಗಳ ಬಾಡಿಗೆಯಿದೆ, ನಿರ್ವಹಣೆ ಅವರದು. ವೂಕಾಮರ್ಸ್ ಉಚಿತ, ಆದರೆ ಹೋಸ್ಟಿಂಗ್ ಖರ್ಚೂ ದುರಸ್ತಿಯೂ ನಮ್ಮದು. ಆರ್ಡರ್ ಕಡಿಮೆಯಿದ್ದರೆ ವಾಟ್ಸ್‌ಆ್ಯಪ್ ಬಿಸಿನೆಸ್ ಸಾಕು.

ಯಾವುದನ್ನೇ ಆರಿಸಿ, ಎರಡು ವಿಷಯ ಗಮನಿಸಿ. ಮೊದಲನೆಯದು, ಲೆಕ್ಕಪತ್ರ ಮತ್ತು ಗ್ರಾಹಕರ ಪಟ್ಟಿಯನ್ನು ನಾಳೆ ಬೇರೆಡೆಗೆ ಒಯ್ಯಲು ಬರುತ್ತದೆಯೇ? ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಕಲಿಸಿದ ಧರ್ಮ ನಮ್ಮದು (ಅಲ್ ಬಕರ: 282).

ಎರಡನೆಯದು, ಸರಕು ಬೇಕಾದಷ್ಟಿದ್ದರೂ ‘ಎರಡೇ ಉಳಿದಿವೆ’ ಎಂದು ತೋರಿಸಿ ಅವಸರಪಡಿಸುವ ಸೌಲಭ್ಯ ಕೆಲವದರಲ್ಲಿದೆ. ಅದನ್ನು ಬಳಸಬೇಡಿ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿಯೂ ಇದನ್ನು ನಿಷೇಧಿಸಿದೆ. ಮಳೆಗೆ ನೆನೆದ ಧಾನ್ಯವನ್ನು ರಾಶಿಯಡಿ ಇಟ್ಟ ವ್ಯಾಪಾರಿಯನ್ನು, ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಪ್ರವಾದಿ(ಸ) ಪ್ರಶ್ನಿಸಿದ್ದರು. ಮೊಬೈಲಿನೊಳಗಿನ ಅಂಗಡಿಗೂ ಅದೇ ಪ್ರಶ್ನೆಯಿದೆ.