ಪೆಟ್ಟಿಗೆಗೆ ಯಾವ ಗೋತ್ರ?

ಚೆನ್ನೈನಲ್ಲಿರುವ ನಮ್ಮಂಥ ಐಟಿ ಕನ್ನಡಿಗರಲ್ಲಿ ನಲವತ್ತು ದಾಟಿದವರಿಗೆ ಒಂದು ಹೊಸ ಖಯಾಲಿ ಹಿಡಿದಿದೆ. ಮನೆ ಸಾಲ ಅರ್ಧ ತೀರಿದೆ, ಮಕ್ಕಳು ಕೋಚಿಂಗ್ ಕ್ಲಾಸಿಗೆ ಹೋಗಿರುತ್ತಾರೆ, ಇನ್ನು ಒಂದು ಒಳ್ಳೆಯ ಮ್ಯೂಸಿಕ್ ಸಿಸ್ಟಮ್ ಬೇಕು. ಬೇಕಾದ್ದೇ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಸ್ಪೀಕರ್ ಪೆಟ್ಟಿಗೆಗೆ ಗೋತ್ರ ಕೇಳುವುದರ ಬಗ್ಗೆ. ‘ಬಿಬಿಸಿ ವಂಶದ್ದಾ?’ ಎಂಬುದು ಮೊದಲ ಪ್ರಶ್ನೆ. ಆಮೇಲೆ ರೋಜರ್ಸ್, ಸ್ಪೆಂಡರ್, ಹಾರ್ಬೆತ್ ಎಂದು ಪ್ರವರ. ಎಲ್ಎಸ್ 3/5ಎ ಎಂಬ ಹೆಸರು ಬಂದಾಗಲಂತೂ ಗರ್ಭಗುಡಿಯ ಮುಂದೆ ನಿಂತವರ ಹಾಗೆ ದನಿ ತಗ್ಗುತ್ತದೆ. ಆ ಭಕ್ತರಲ್ಲೂ 15 ಓಮ್‌ನವರು, 1987ರ ನಂತರದ 11 ಓಮ್‌ನವರು ಎಂದು ಎರಡು ಪಂಗಡ. ತೆಂಗಲೆ ವಡಗಲೆ ನಾಮದ ಜಗಳ ಕಂಡ ಊರಿಗೆ ಇದೇನು ಹೊಸದಲ್ಲ ಬಿಡಿ.

ಪ್ರಾಜೆಕ್ಟ್ ಮ್ಯಾನೇಜರ್ ಆದ ನನಗೆ ಯಾವುದೇ ವಸ್ತು ಕಂಡರೂ ಇದರ ರಿಕ್ವೈರ್‌ಮೆಂಟ್ ಏನಿತ್ತು ಎಂದು ಕೇಳುವ ಅಭ್ಯಾಸ. ಎಲ್ಎಸ್ ಎಂದರೆ ಲೌಡ್‌ಸ್ಪೀಕರ್. 3 ಎಂದರೆ ಹೊರಾಂಗಣ ಪ್ರಸಾರಕ್ಕೆ. 5 ಎಂದರೆ ಆ ಸಾಲಿನ ಐದನೆಯ ವಿನ್ಯಾಸ, ಎ ಎಂದರೆ ತಿದ್ದುಪಡಿ. 1970ರ ದಶಕದಲ್ಲಿ ಬಿಬಿಸಿಯ ಸಂಶೋಧನಾ ವಿಭಾಗ ಇದನ್ನು ಮಾಡಿದ್ದು ಪ್ರಸಾರದ ವ್ಯಾನಿನೊಳಗೆ, ಹೆಡ್‌ಫೋನ್ ಸಾಲದ, ದೊಡ್ಡ ಸ್ಪೀಕರ್ ಹಿಡಿಸದ ಜಾಗದಲ್ಲಿ ಇಡಲಿಕ್ಕೆ. ಇದರ ಪೂರ್ವಜ ಇನ್ನೂ ವಿಚಿತ್ರ: ಎಂಟನೇ ಒಂದು ಪಾಲು ಅಳತೆಯಲ್ಲಿ ಕಟ್ಟಿದ ಸ್ಟುಡಿಯೋ ಮಾದರಿಗಳ ಒಳಗೆ ನಾದ ಹೇಗೆ ಹರಡುತ್ತದೆ ಎಂದು ಪರೀಕ್ಷಿಸಲು ಮಾಡಿದ ಪೆಟ್ಟಿಗೆ. ಸುಮಾರು 30 ಸೆಂ.ಮೀ. ಎತ್ತರ, 19 ಸೆಂ.ಮೀ. ಅಗಲ, ಕೆಇಎಫ್ ಕಂಪನಿಯ ಐದಿಂಚಿನ ವೂಫರ್, ಪುಟ್ಟ ಟ್ವೀಟರ್. ಸೆನ್ಸಿಟಿವಿಟಿ 82.5 ಡೆಸಿಬೆಲ್, ಅಂದರೆ ಆಂಪ್ಲಿಫೈಯರ್ ಎಷ್ಟು ಬೆವರಿದರೂ ಇದು ಜೋರಾಗಿ ಕಿರುಚುವುದಿಲ್ಲ. 80 ಹರ್ಟ್ಜ್‌ಗಿಂತ ಕೆಳಗೆ ಇದರಿಂದ ಹೆಚ್ಚು ನಿರೀಕ್ಷಿಸಬಾರದು. ಕೈಯಳತೆ ದೂರದಲ್ಲಿ ಕೂತ ಎಂಜಿನಿಯರಿಗೆ ಮಾತು ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಸುವುದು ಇದರ ಕೆಲಸ. ಆ ಕೆಲಸವನ್ನು ಅದ್ಭುತವಾಗಿ ಮಾಡಿತು. ಅದನ್ನು ಈಗ ಲಕ್ಷಗಟ್ಟಲೆ ಕೊಟ್ಟು ತಂದು, ಶೋಲಿಂಗನಲ್ಲೂರಿನ ಹಾಲಿನ ಆ ಮೂಲೆಯಲ್ಲಿಟ್ಟು, ಈ ಮೂಲೆಯ ಸೋಫಾದಲ್ಲಿ ಕೂತು ನಾಗಸ್ವರ ಡೋಲು ಕೇಳುತ್ತೇನೆ ಎಂದರೆ ಪೆಟ್ಟಿಗೆ ಏನು ಮಾಡೀತು?

ಬಿಬಿಸಿಯಿಂದ ಕಲಿಯಬೇಕಾದ್ದು ಪೆಟ್ಟಿಗೆಯಲ್ಲಿಲ್ಲ, ಅವರು ಅದನ್ನು ಒರೆಗೆ ಹಚ್ಚಿದ ರೀತಿಯಲ್ಲಿದೆ. ಅವರ ಬಳಿ ಒಂದು ಅನುಕೂಲವಿತ್ತು. ಗೋಡೆಯ ಆಚೆ ಸ್ಟುಡಿಯೋದಲ್ಲಿ ನಿಜವಾದ ಮನುಷ್ಯ ಮಾತಾಡುತ್ತಿದ್ದ, ನಿಜವಾದ ಆರ್ಕೆಸ್ಟ್ರಾ ನುಡಿಸುತ್ತಿತ್ತು. ಈಚೆ ಕಂಟ್ರೋಲ್ ರೂಮಿನಲ್ಲಿ ಸ್ಪೀಕರ್. ಎದ್ದು ಹೋಗಿ ಅದನ್ನು ಕೇಳು, ಬಂದು ಇದನ್ನು ಕೇಳು. ದಿನವೂ ಕೇಳುವ ಪರಿಚಯದ ಉದ್ಘೋಷಕನ ದನಿ ಮೂಗಿನಿಂದ ಬಂದಂತಾದರೆ ಆ ಸ್ಪೀಕರ್ ಫೇಲ್. ಮನುಷ್ಯನ ಮಾತಿಗಿಂತ ಕಠಿಣವಾದ ಪರೀಕ್ಷೆ ಇಲ್ಲ, ಯಾಕೆಂದರೆ ಹುಟ್ಟಿದಾಗಿನಿಂದ ಕೇಳಿದ್ದೇ ಅದು.

ತೆಳು ಹಲಗೆಯ ಪೆಟ್ಟಿಗೆ ಬಂದದ್ದೂ ಇದೇ ದಾರಿಯಿಂದ. ನಮ್ಮ ಜನ ಶೋರೂಮಿಗೆ ಹೋದರೆ ಹಲಸಿನಹಣ್ಣು ತಟ್ಟಿದ ಹಾಗೆ ಪೆಟ್ಟಿಗೆ ತಟ್ಟಿ, ‘ಭಾರವಿದೆ, ಗಟ್ಟಿ ಮಾಲು’ ಎನ್ನುತ್ತಾರೆ. ಬಿಬಿಸಿಯ ಹಾರ್‌ವುಡ್ ಮತ್ತು ಸಂಗಡಿಗರು ಕಂಡುಕೊಂಡದ್ದು ಬೇರೆ. ಬಿಗಿಯಾದ ದಪ್ಪ ಹಲಗೆಯೂ ಅನುರಣಿಸುತ್ತದೆ, ಆದರೆ ಮೇಲಿನ ಕಂಪನಾಂಕದಲ್ಲಿ, ಸರಿಯಾಗಿ ಕಂಠದ ಹರವಿನಲ್ಲಿ. ತೆಳುವಾದ ಪ್ಲೈವುಡ್‌ಗೆ ಒಳಗಿನಿಂದ ಡಾಂಬರಿನಂಥ ಹಾಳೆ ಅಂಟಿಸಿದರೆ ಆ ಅನುರಣನ ಕೆಳಗಿಳಿದು, ಕಿವಿಗೆ ಅಷ್ಟಾಗಿ ತಾಗದ ಕಡೆ ಸತ್ತುಹೋಗುತ್ತದೆ. ಅದೇ ಡಡ್ಲಿ ಹಾರ್‌ವುಡ್ 1977ರಲ್ಲಿ ತನ್ನ ಹೆಸರನ್ನೂ ಹೆಂಡತಿ ಎಲಿಜಬೆತ್ ಹೆಸರನ್ನೂ ಜೋಡಿಸಿ ಹಾರ್ಬೆತ್ ಶುರುಮಾಡಿದ. ಬಿಬಿಸಿಯಲ್ಲೇ ಇದ್ದ ಸ್ಪೆನ್ಸರ್ ಹ್ಯೂಸ್ ಹೆಂಡತಿ ಡೊರೊಥಿಯ ಹೆಸರು ಸೇರಿಸಿಕೊಂಡು ಅದಕ್ಕೂ ಮೊದಲೇ ಸ್ಪೆಂಡರ್ ಕಟ್ಟಿದ್ದ. ಗೋತ್ರ ಕೇಳುವವರು ಗಮನಿಸಬೇಕು, ಅರ್ಧ ವಂಶ ಹೆಂಡತಿಯರದ್ದು.

ಈಗ ನಮ್ಮ ಪರೀಕ್ಷೆ ಹೇಗಿರುತ್ತದೆ ನೋಡಿ. ಈ ಊರಿನ ಒಂದು ದುಬಾರಿ ಶೋರೂಮಿನಲ್ಲಿ ನನ್ನನ್ನು ಕೂರಿಸಿ, ಯಾರೋ ಅಮೆರಿಕದ ಗಾಯಕಿ ಗಿಟಾರಿನ ಜೊತೆ ಪಿಸುಗುಡುವ ಹಾಡು ಹಾಕಿದರು. ನಾನು ಪೆನ್‌ಡ್ರೈವ್ ತೆಗೆದು ಕನ್ನಡದ್ದು ಹಾಕಿ ಎಂದರೆ, ‘ರೆಕಾರ್ಡಿಂಗ್ ಕ್ವಾಲಿಟಿ ಇರಲ್ಲ ಸಾರ್’ ಎಂಬ ಉತ್ತರ. ಆ ಗಾಯಕಿಯನ್ನು ನಾನು ಎದುರು ಕೂತು ಕೇಳಿಲ್ಲ, ಅಂಗಡಿಯವನೂ ಕೇಳಿಲ್ಲ. ಅವಳ ದನಿ ನಿಜವೋ ಸುಳ್ಳೋ ಹೇಳುವವರ್‍ಯಾರು?

ನಮ್ಮ ಕಿವಿಗೆ ಗೊತ್ತಿರುವುದು ಕನ್ನಡ. ಕಲ್ಲು-ಕಳ್ಳು, ಹಲ್ಲಿ-ಹಳ್ಳಿ ಬೇರೆಬೇರೆಯಾಗಿ ಕೇಳಬೇಕು. ‘ಶಿಶುನಾಳ’ ಎಂದಾಗ ಶ ಸೀಟಿ ಹೊಡೆಯಬಾರದು, ಸ ಕೂಡ ಆಗಬಾರದು. ಇದು ಮಡಿವಂತಿಕೆಯಲ್ಲ. ಎಲ್ಎಸ್ 3/5ಎಯಲ್ಲಿ ವೂಫರಿನಿಂದ ಟ್ವೀಟರಿಗೆ ಕೆಲಸ ಹಸ್ತಾಂತರವಾಗುವುದು 3,000 ಹರ್ಟ್ಜ್ ಸುತ್ತಮುತ್ತ, ಶಕಾರದ ಶಕ್ತಿಯಿರುವ ಜಾಗದಲ್ಲೇ. ಹಸ್ತಾಂತರ ಕೆಟ್ಟರೆ ಇಲ್ಲಿ ಮೊದಲು ಬಯಲಾಗುತ್ತದೆ; ನಮ್ಮ ಪ್ರಾಜೆಕ್ಟುಗಳಲ್ಲೂ ಹಾಗೇ ತಾನೆ. ಸಂಗೀತವೇ ಬೇಕೆಂದರೆ ಆರ್.ಕೆ. ಶ್ರೀಕಂಠನ್ ಹಾಡಿದ ದೇವರನಾಮ ಒಯ್ಯಿರಿ. ಆಕಾಶವಾಣಿಯಲ್ಲಿ ದಶಕಗಳ ಕಾಲ ದುಡಿದ ಅವರ ಉಚ್ಚಾರದಲ್ಲಿ ಒಂದಕ್ಷರ ಮಸುಕಾದರೂ ತಪ್ಪು ಪೆಟ್ಟಿಗೆಯದು.

ಚೆನ್ನೈನಲ್ಲಿರುವವರು ಇನ್ನೊಂದು ಎಚ್ಚರ ವಹಿಸಬೇಕು. ಮಾರ್ಗಳಿ ಸೀಸನ್ನಿನಲ್ಲಿ ಸಭೆಗಳಿಗೆ ಅಲೆದು ನಿಜವಾದ ಸಂಗೀತ ಹೇಗಿರುತ್ತದೆಂದು ನಮಗೆ ಗೊತ್ತು ಎಂದುಕೊಳ್ಳುತ್ತೇವೆ. ಗೊತ್ತಿರುವುದು ಸಭೆಯ ಸ್ಪೀಕರ್. ಮೃದಂಗಕ್ಕೆರಡು ಮೈಕು, ಪಿಟೀಲಿಗೊಂದು, ಎಲ್ಲರೂ ‘ಮಾನಿಟರ್ ಜಾಸ್ತಿ ಮಾಡಿ’ ಎಂದು ಕೈಸನ್ನೆ ಮಾಡುವವರೇ. ಮೈಸೂರಿನ ಚೌಡಯ್ಯನವರು ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿಕೊಂಡರು. 1957ರಲ್ಲಿ ಇದೇ ಊರಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಕೊಟ್ಟಿತು. ಈಗ ತಂತಿ ನಾಲ್ಕೇ, ಉಳಿದದ್ದು ಮಿಕ್ಸರ್ ಮುಂದೆ ಕೂತ ಹುಡುಗನ ದಯೆ. ಆ ತಗಡು ಸದ್ದನ್ನೇ ಅಳತೆಗೋಲು ಮಾಡಿಕೊಂಡು ಮನೆಯ ಸ್ಪೀಕರಿನಲ್ಲಿ ‘ಪಂಚ್ ಇಲ್ಲ’ ಎನ್ನುವವರನ್ನು ನಾನು ಕಂಡಿದ್ದೇನೆ. ಮೈಕಿಲ್ಲದ ಕಚೇರಿಗಳು ಇಲ್ಲಿ ಆಗಾಗ ನಡೆಯುತ್ತವೆ, ಒಂದಕ್ಕಾದರೂ ಹೋಗಿ. ಅದೂ ಆಗದಿದ್ದರೆ ನಿಮ್ಮ ಬೀದಿಯ ಪಾಟ್ಟು ಕ್ಲಾಸಿನ ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಿ.

ಹಾಗಾದರೆ ಯಾವುದು ಕೊಳ್ಳಬೇಕು ಎನ್ನುತ್ತೀರಿ. ಒಬ್ಬ ಗಾಯಕ, ತಂಬೂರಿ, ಪಿಟೀಲು, ಸಣ್ಣ ಕೋಣೆ, ಹತ್ತಿರ ಕೂರುವ ಅಭ್ಯಾಸ ಇದ್ದರೆ ಎಲ್ಎಸ್ 3/5ಎ ಇಂದಿಗೂ ತಲೆ ತೂಗಿಸುತ್ತದೆ. ಗಂಡು ಶ್ರುತಿ ಒಂದು ಮನೆಯಾದರೆ ತಂಬೂರಿಯ ಮಂದ್ರ ತಂತಿ ಸುಮಾರು 65 ಹರ್ಟ್ಜ್. ಅದನ್ನು ಈ ಪೆಟ್ಟಿಗೆ ಪೂರ್ತಿ ಕೊಡಲಾರದು. ಆದರೆ ತಂಬೂರಿಯ ಜೀವ ಇರುವುದು ಮೇಲಿನ ಅನುಸ್ವರಗಳಲ್ಲಿ. ಸಿ.ವಿ. ರಾಮನ್ 1921ರಲ್ಲೇ ಅದರ ಕುದುರೆಯ ಮರ್ಮ ಬಿಡಿಸಿ ಬರೆದಿದ್ದರು. ಅನುಸ್ವರ ಸರಿಯಿದ್ದರೆ ತಳದ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಮೃದಂಗದ ಎಡಗಡೆ ಮಾತ್ರ ಸೊರಗುತ್ತದೆ. ಭಕ್ತರು ಕೊಂಡಾಡುವ ‘ಬೆಚ್ಚನೆಯ ದನಿ’ ಕೂಡ, ಚಿಕ್ಕ ಪೆಟ್ಟಿಗೆ ದೊಡ್ಡದಾಗಿ ಕೇಳಲೆಂದು ಕೆಳಭಾಗದಲ್ಲಿರುವ ಸಣ್ಣ ಉಬ್ಬು. ಅದೇ ಗಾತ್ರದ ಹಾರ್ಬೆತ್ ಪಿ3 ನನ್ನ ಕಿವಿಗೆ ಹೆಚ್ಚು ಪ್ರಾಮಾಣಿಕ. ಮೃದಂಗದ ಮೈ ಬೇಕೆಂದರೆ ಎಂಟಿಂಚಿನ ವೂಫರಿನ ಎಲ್ಎಸ್ 5/9ರಂಥದ್ದು ಬೇಕು, ಅದಕ್ಕೆ ಗೋಡೆಯಿಂದ ದೂರ ನಿಲ್ಲಿಸಲು ಜಾಗವೂ ಬೇಕು. ಕೆಇಎಫ್ 2012ರಲ್ಲಿ ತನ್ನ ಐವತ್ತರ ನೆನಪಿಗೆ ತಂದ ಎಲ್ಎಸ್50 ತೆಳು ಹಲಗೆಯ ದಾರಿ ಬಿಟ್ಟು, ಬಿಗಿ ಪೆಟ್ಟಿಗೆ ಮಾಡಿ, ಹಳೆಯ ಪ್ರಶ್ನೆಗೆ ಕಡಿಮೆ ದುಡ್ಡಿನಲ್ಲಿ ಬೇರೆ ಉತ್ತರ ಕೊಟ್ಟಿದೆ. ಶ ಮತ್ತು ಳ ಎರಡರಲ್ಲೂ ಅದು ಪಾಸು. ಆ ಕಂಪನಿಯ ಒಡೆತನ 1992ರಿಂದ ಹಾಂಕಾಂಗಿನ ಗೋಲ್ಡ್ ಪೀಕ್‌ನದು, ಗೋತ್ರ ಕೇಳುವವರ ಮಾಹಿತಿಗೆ.

ಉಳಿದ ದುಡ್ಡನ್ನು ಕೋಣೆಗೆ ಹಾಕಿ. ವಿಟ್ರಿಫೈಡ್ ಟೈಲ್ಸ್, ಕಾಂಕ್ರೀಟ್ ಸೂರು, ಬಾಲ್ಕನಿಯ ಗಾಜು. ಹನ್ನೆರಡು ಅಡಿ ಉದ್ದದ ಕೋಣೆ 47 ಹರ್ಟ್ಜ್ ಆಸುಪಾಸಿನಲ್ಲಿ ತಾನೇ ಗುಂಯ್‌ಗುಡುತ್ತದೆ. ಒಂದು ದಪ್ಪ ಜಮಖಾನ, ಪುಸ್ತಕ ತುಂಬಿದ ಕಪಾಟು, ಭಾರದ ಪರದೆ. ಸ್ಪೀಕರನ್ನು ಟಿವಿ ಶೆಲ್ಫಿನಿಂದ ಹೊರಗೆ ತನ್ನಿ.

ಆಮೇಲೆ ಬಿಬಿಸಿ ಪರೀಕ್ಷೆ ಮನೆಯಲ್ಲೇ ಮಾಡಿ. ಹಬ್ಬಕ್ಕೆ ಊರಿಂದ ಬಂದ ಅಮ್ಮನನ್ನು ಬಟ್ಟೆ ತುಂಬಿದ ಬೀರು ತೆರೆದು ಅದರ ಮುಂದೆ ಕೂರಿಸಿ, ಪರವಾಗಿಲ್ಲ ಎನ್ನುವ ಮೈಕಿನಲ್ಲಿ ಎರಡು ನಿಮಿಷದ ಮಾತು ರೆಕಾರ್ಡ್ ಮಾಡಿಕೊಳ್ಳಿ. ಹುಳಿಪುಡಿ ಮಾಡುವ ಕ್ರಮ ಹೇಳಿದರೂ ಸಾಕು. ಅವರನ್ನು ಒಂದು ಸ್ಪೀಕರಿನ ಪಕ್ಕ ನಿಲ್ಲಿಸಿ, ಅದೊಂದೇ ಸ್ಪೀಕರಿನಲ್ಲಿ ಅವರ ಮಾತಿನಷ್ಟೇ ಸದ್ದಿಟ್ಟು ಒಮ್ಮೆ ಅದನ್ನು, ಒಮ್ಮೆ ಅವರನ್ನು ಕೇಳಿ. ಕಣ್ಣು ಮುಚ್ಚಿರಬೇಕು.